ಮೈದಾನದ ನಟ್ಟನಡುವೆ ನದೀಮ್

ಆರ್.ಟಿ. ನಗರದ ನಮ್ಮ ಬೀದಿಯ ತಾಹೆರಾಳಿಗೆ ಒಂದು ಹುಚ್ಚಿತ್ತು: ತೀರಿಕೊಂಡ ಅಪ್ಪನ ಪ್ರತಿಮೆ ಆಗಬೇಕು. ಅಪ್ಪ ನದೀಮ್ ಸಾಹೇಬರು ಸಾಮಾನ್ಯ ಆಟಗಾರರಲ್ಲ ಬಿಡಿ. ಅವರ ಫುಟ್‌ಬಾಲ್ ಮ್ಯಾಚ್ ಇದ್ದ ದಿನ ಯಶವಂತಪುರದ ಮಂಡಿಯ ಹಮಾಲರು ಮೂಟೆ ಬಿಟ್ಟು ಬರುತ್ತಿದ್ದರು.

ತಾಹೆರಾ ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಬೆಳಿಗ್ಗೆ, ಅಪ್ಪ ಆಡಿ ಬೆಳೆದ ಮೈದಾನದಲ್ಲೇ ಬೀದಿಯ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಾಳೆ. ಗಂಡನ ಮನೆಯವರು ಬೈದರೂ ಬಿಟ್ಟಿಲ್ಲ, ನೆರೆಹೊರೆಯವರು ನಕ್ಕರೂ ಬಿಟ್ಟಿಲ್ಲ. ಇಷ್ಟು ಗಟ್ಟಿ ಹೆಂಗಸು ಪ್ರತಿಮೆಗಾಗಿ ಹೋಗಿ ಕೈಮುಗಿದದ್ದು ಮಾಜಿ ಕಾರ್ಪೊರೇಟರ್ ಚಿಕ್ಕಬೈರಪ್ಪನಿಗೆ! ಚುನಾವಣೆ ಯಾವಾಗ ಆದೀತೆಂದು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕೂತ ಮನುಷ್ಯ ಆತ. ಹಲ್ಲು ಕಿರಿಯುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಯಾರೇ ಸತ್ತರೂ ತನ್ನದೇ ದೊಡ್ಡ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿಸುತ್ತಾನೆ.

"ಮಾಡೋಣ ಕಣಮ್ಮಾ, ಅದಕ್ಕೇನಂತೆ! ಗ್ರೌಂಡಲ್ಲೇ ನಿಲ್ಲಿಸೋಣ," ಅಂದ.

"ಗೇಟ್ ಹತ್ರ, ಮೂಲೇಲಿ ಸಾಕು ಸರ್," ಅಂದಳು ತಾಹೆರಾ.

ಚಿಕ್ಕಬೈರಪ್ಪನ ಕಡೆಯವರು ಮೈದಾನಕ್ಕೆ ತಗಡಿನ ಬೇಲಿ ಸುತ್ತಿದರು. ಒಳಗೆ ನೆಲ ಸಮ ಮಾಡುತ್ತಿದ್ದೇವೆ ಅಂದರು. ಅವಳು ನಂಬಿದಳು. ನಿಂತ ಕಾರುಗಳ ಮಧ್ಯೆ, ಬೀದಿಯಲ್ಲೇ ಹುಡುಗಿಯರನ್ನು ಆಡಿಸಿದಳು. ಲೀಗ್ ಪಂದ್ಯಗಳು ಹತ್ತಿರ ಬಂದಿದ್ದವು. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ ರೂಬಿಯ ಮನೆಯವರು, ರಸ್ತೆಯಲ್ಲಿ ಕುಣಿಯುವುದಾದರೆ ಹುಡುಗಿಯನ್ನು ಇನ್ನು ಕಳಿಸುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಉಳಿದವರ ಮನೆಗಳಲ್ಲೂ ಅದೇ ಗೊಣಗಾಟ. ಮೈದಾನ ವಾಪಸ್ ಸಿಗದಿದ್ದರೆ ತಂಡ ಮುಗಿದಂತೆಯೇ.

ಅನಾವರಣದ ದಿನ ತಗಡು ತೆಗೆದರು. ನಾವೆಲ್ಲ ನೋಡಲು ಹೋಗಿದ್ದೆವು. ನದೀಮ್ ಸಾಹೇಬರು ಮೈದಾನದ ನಟ್ಟನಡುವೆ, ಆಟ ಶುರುಮಾಡಲು ಚೆಂಡು ಇಡುತ್ತಾರಲ್ಲ, ಆ ಜಾಗದ ಮೇಲೆಯೇ ನಿಂತಿದ್ದರು. ಸುತ್ತ ಗ್ರಾನೈಟ್ ಕಟ್ಟೆ, ಹೂಗಿಡ, ಕಾರಂಜಿ, ಸರಪಳಿ. ಕಡ್ಡಿಯಂತಿದ್ದ ಮನುಷ್ಯನಿಗೆ ಚಿಕ್ಕಬೈರಪ್ಪನಷ್ಟೇ ಹೊಟ್ಟೆ, ಮೈತುಂಬ ಚಿನ್ನದ ಬಣ್ಣ. ನಾಲ್ಕೂ ರಸ್ತೆಯಿಂದ ಕಾಣಬೇಕು, ಮುಖ ಪೂರ್ವಕ್ಕಿರಬೇಕು ಎಂದು ವಾಸ್ತು ನೋಡುವವನು ಹೇಳಿದ್ದನಂತೆ. ಮೈದಾನ ಇರುವುದು ಯಾತಕ್ಕೆ ಎಂದು ಆ ಪುಣ್ಯಾತ್ಮನಿಗೆ ಯಾರೂ ಹೇಳಿರಲಿಲ್ಲ. ಕಟ್ಟೆಯ ಮೇಲೊಂದು ಬೋರ್ಡು: ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ.

ತಾಹೆರಾ ವೇದಿಕೆಯ ಮೇಲೇ ಕೇಳಿದಳು: "ಸರ್, ಇದನ್ನ ಮೂಲೆಗೆ ಹಾಕ್ಸಿ. ಮಕ್ಕಳು ಎಲ್ಲಿ ಆಡ್ಬೇಕು?"

"ಹೆತ್ತ ಅಪ್ಪನ್ನ ಮೂಲೆಗೆ ಹಾಕು ಅಂತೀಯಲ್ಲಮ್ಮಾ! ಇನ್ನು ಮುಟ್ಟಕ್ಕಾಗಲ್ಲ. ಜನರ ಭಾವನೆ ಇದೆ."

ಭಾವನೆಯುಳ್ಳ ಜನ ಬಿರಿಯಾನಿ ಪೊಟ್ಟಣಗಳ ಕಡೆ ನೋಡುತ್ತಿದ್ದರು. ಅವಳ ಚಿಕ್ಕಪ್ಪ ವಾಜಿದ್, ನಮ್ಮವರಲ್ಲಿ ಪ್ರತಿಮೆ ನಿಲ್ಲಿಸುವ ಪದ್ಧತಿಯೇ ಇಲ್ಲ ಎಂದು ಮೊನ್ನೆಯವರೆಗೂ ಮುಖ ಸಿಂಡರಿಸಿಕೊಂಡಿದ್ದವನು, ಸನ್ಮಾನದ ಶಾಲು ಹೆಗಲಿಗೆ ಬಿದ್ದದ್ದೇ ತಡ, "ಸರ್ ಹೇಳೋದು ಸರಿ ಬೇಟಿ," ಅಂದ. ಥೂ, ಎಂಥ ಜನ!

ಕೊನೆಗೆ ಫೋಟೊ. ಹುಡುಗಿಯರು ಚೆಂಡು ಹಿಡಿದು ಪ್ರತಿಮೆಯ ಮುಂದೆ ನಿಲ್ಲಬೇಕೆಂದು ಚಿಕ್ಕಬೈರಪ್ಪನೇ ಅಪ್ಪಣೆ ಕೊಟ್ಟ. ಹಿಡಿಯಬಹುದು, ಒದೆಯುವ ಹಾಗಿಲ್ಲ. ಅವನು ಮಧ್ಯೆ ನಿಂತು ಹಲ್ಲು ಕಿರಿದ. ಫೋಟೊ ಮುಗಿದು ಅವನು ಪಕ್ಕಕ್ಕೆ ಸರಿದ ಮೇಲೆ ತಾಹೆರಾ ರೂಬಿಯ ಕೈಯಿಂದ ಚೆಂಡು ಕಸಿದು ನೆಲದ ಮೇಲಿಟ್ಟಳು.

"ಒದಿ."

"ಮಿಸ್, ನಿಮ್ಮಪ್ಪಂಗೆ ಬಡಿಯತ್ತೆ."

"ನಮ್ಮಪ್ಪ ಆಗಿದ್ರೆ ಎದೆ ಮೇಲೆ ತಗೊಂಡು ನಿಂಗೆ ವಾಪಸ್ ಕೊಡ್ತಿದ್ರು," ಅಂದಳು ತಾಹೆರಾ. "ಇದು ನಮ್ಮಪ್ಪ ಅಲ್ಲ. ಒದಿ."