ಗಾಜು ಹಿಡಿದ ಹೆಬ್ಬೆರಳು

ಗಾಜಿನ ಅಂಗಡಿಯವನನ್ನು ಬೀದಿಯವರು ಕರೆಯುತ್ತಿದ್ದುದು ಕನಸಣ್ಣ ಎಂದು. ಎದುರಿಗೆ ನಿಂತವರನ್ನು ದಾಟಿ ಅವನ ಕಣ್ಣು ಎಲ್ಲೋ ಹೋಗಿ ಕೂರುತ್ತಿತ್ತು. ಅವನದೂ ತಪ್ಪಲ್ಲ ಬಿಡಿ, ದಿನವಿಡೀ ಗಾಜಿನಾಚೆ ನೋಡುವವನಿಗೆ ಅದೇ ರೂಢಿ. ಅಂಗಡಿಯ ಗೋಡೆಗೆ ಗಾಜಿನ ಹಾಳೆಗಳು ಒರಗಿ ನಿಂತಿರುತ್ತಿದ್ದವು. ಬೆಳಗಿನ ಬಿಸಿಲು ಒಂದರಿಂದ ಇನ್ನೊಂದಕ್ಕೆ ನುಸುಳಿ, ಕೊನೆಯದರಲ್ಲಿ ತೆಳು ಹಸಿರಾಗಿ ನಿಲ್ಲುತ್ತಿತ್ತು.

ದೊಡ್ಡ ಹಾಳೆ ಎತ್ತುವಾಗ ಈ ಬದಿಗೆ ಅವನು, ಆ ಬದಿಗೆ ಹೆಂಡತಿ. ರಾತ್ರಿ ಜಗಳವಾಡಿ ಮಾತು ಬಿಟ್ಟಿದ್ದರೂ ಬೆಳಿಗ್ಗೆ ಮುಖ ನೋಡಿಕೊಳ್ಳಲೇಬೇಕು. ನಡುವೆ ಇರುವುದು ಗಾಜು ತಾನೆ! ಕೆಲಸಕ್ಕೆ ಅವನದೊಂದೇ ನಿಯಮ: "ಜಾರಿದ್ರೆ ಬಿಟ್ಬಿಡು. ಬೀಳೋ ಗಾಜಿಗೆ ಕೈ ಕೊಡಬೇಡ."

ಆ ನಿಯಮವನ್ನು ಅವನೇ ಮುರಿದ. ಹಾಳೆ ಜಾರಿತು, ಕೆಳಗೆ ತೆಳು ಚಪ್ಪಲಿಯಲ್ಲಿ ಅವಳ ಪಾದಗಳು ಕಂಡವು, ಜೀವ ಬಾಯಿಗೆ ಬಂತು. ಬಲಗೈ ಚಾಚಿ ಹಿಡಿದೇಬಿಟ್ಟ. ಅಷ್ಟು ಭಾರವೂ ಹೆಬ್ಬೆರಳನ್ನು ಹೊರಕ್ಕೆ ಜಗ್ಗಿತು, ಬುಡದಲ್ಲಿ ಏನೋ ಲಟಕ್ಕೆಂದಿತು. ಗಾಜು ಆಚೆ ವಾಲಿ ಚೂರಾಯಿತು. ಅವಳ ಕಾಲಿಗೆ ಒಂದು ಗೀರೂ ಇಲ್ಲ.

"ಬುದ್ಧಿ ನೆಟ್ಟಗಿದೆಯಾ ನಿಂಗೆ?" ಎಂದು ಅವಳು ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ಅತ್ತಳು.

ಊತ ಇಳಿಯಿತು, ನೋವೂ ಹೆಚ್ಚೇನಿರಲಿಲ್ಲ. ವಾಸಿಯಾಯಿತೆಂದುಕೊಂಡ. ಆಮೇಲೆ ಲೋಟ ಕೈಜಾರತೊಡಗಿತು, ಬೀಗದಲ್ಲಿ ಕೀಲಿ ತಿರುಗದಾಯಿತು. ಕನಸಣ್ಣನ ಕೈಯಿಂದ ಲೋಟ ಬಿದ್ದರೆ ಯಾರಿಗೆ ಆಶ್ಚರ್ಯ? ಎಲ್ಲರೂ ನಕ್ಕರು. ಅವನೂ ನಕ್ಕ. ಹೆಂಡತಿ ಮಾತ್ರ ನಗಲಿಲ್ಲ. ಹಾಳೆಯ ಆ ತುದಿಯಲ್ಲಿದ್ದ ಅವಳಿಗೆ ಈ ತುದಿಯ ನಡುಕ ತಿಳಿಯುತ್ತಿತ್ತು. ಒಂದು ದಿನ ಗಾಜನ್ನು ಅಲ್ಲೇ ಇಳಿಸಿ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಹೆಬ್ಬೆರಳನ್ನು ಮೆಲ್ಲಗೆ ಹೊರಕ್ಕೆ ಒತ್ತಿದರು. ಚಿಲಕವಿಲ್ಲದ ಬಾಗಿಲಿನಂತೆ ಅದು ತೆರೆದುಕೊಂಡಿತು.

"ಒಳಬದಿಯ ಲಿಗಮೆಂಟ್, ಅಂದ್ರೆ ಕೀಲು ಹಿಡಿದಿಡೋ ನಾರು, ಪೂರ್ತಿ ಹರಿದಿದೆ. ಎಳೆಯೋಕೆ ಏನೂ ಉಳಿದಿಲ್ಲ, ಅದಕ್ಕೇ ಅಷ್ಟು ನೋವಿಲ್ಲ. ಹರಿದ ತುದಿ ಮಡಚಿಕೊಂಡು ಹೊರಗೆ ಸಿಕ್ಕಿಬಿದ್ದಿದೆ, ತಾನಾಗೇ ಕೂಡಲ್ಲ. ಹೊಲಿಯಲೇಬೇಕು."

ಹೊಲಿದರು, ಕಟ್ಟು ಹಾಕಿದರು. ಕೆಲಸವಿಲ್ಲದೆ ಕೂತಲ್ಲೇ ಅವನಿಗೆ ಜೊಂಪು ಹತ್ತುತ್ತಿತ್ತು. ಕನಸಿನಲ್ಲಿ ಹಾಳೆಗಳೆಲ್ಲ ಗೋಡೆ ಬಿಟ್ಟು ಭಾರವೇ ಇಲ್ಲದೆ ಬೀದಿಯ ಮೇಲೆ ತೇಲುತ್ತಿದ್ದವು, ಒಳಗೆ ಮೋಡಗಳು ಸರಿಯುತ್ತಿದ್ದವು. ಎಷ್ಟು ಚಂದ ಎಂದುಕೊಳ್ಳುವಷ್ಟರಲ್ಲಿ ಕೆಳಗೆ ಆ ಎರಡು ಪಾದಗಳು ಕಾಣುತ್ತಿದ್ದವು. ಎದೆ ಧಸಕ್ಕೆಂದು ಎಚ್ಚರವಾಗುತ್ತಿತ್ತು.

ಕಟ್ಟು ಬಿಚ್ಚಿದರು. ತಿಂಗಳುಗಟ್ಟಲೆ ಮಣ್ಣಿನ ಉಂಡೆ ಹಿಚುಕಿ, ಬಟ್ಟೆಯ ಕ್ಲಿಪ್ಪು ಒತ್ತಿ ಬೆರಳಿಗೆ ಬಲ ಬಂತು. "ಕೀಲು ಗಟ್ಟಿಯಾಗಿದೆ, ಇನ್ನು ಎತ್ತಬಹುದು," ಎಂದರು ಡಾಕ್ಟರಮ್ಮ. ಅವನು ಮಾತ್ರ ಫೋಟೋ ಚೌಕಟ್ಟಿಗೆ ಹಾಕುವ ಸಣ್ಣ ಗಾಜುಗಳನ್ನೇ ಕತ್ತರಿಸುತ್ತ ಕೂತ.

"ದೊಡ್ಡದಕ್ಕೆ ಬೇರೆ ಯಾರನ್ನಾದ್ರೂ ಕರ್ಕೋತೀನಿ," ಎಂದ ಒಂದು ಸಂಜೆ. "ನಿನ್ನ ಜೊತೆ ಇನ್ನು ಎತ್ತಲ್ಲ."

ಇಷ್ಟು ವರ್ಷ ಗಾಜಿನಾಚೆ ನಿಂತವಳಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು. ಅವಳು ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದರೆ, ಎಲ್ಲಕ್ಕಿಂತ ದೊಡ್ಡ ಹಾಳೆಯ ಆ ಬದಿಯಲ್ಲಿ ಅವಳು ನಿಂತಿದ್ದಳು.

"ಹಿಡಿ."

ಅವನ ಕಣ್ಣು ತಾನಾಗಿಯೇ ಕೆಳಗಿಳಿಯಿತು. ಅವಳ ಕಾಲಲ್ಲಿ ಗಾರೆ ಕೆಲಸದವರ ದಪ್ಪ ಬೂಟು! ಅಳತೆಗೆ ಎಷ್ಟೋ ದೊಡ್ಡದು, ಸುತ್ತ ತುರುಕಿದ ಚಿಂದಿ ಹೊರಗೆ ಇಣುಕುತ್ತಿತ್ತು.

"ಏನೇ ಇದು?"

"ಬೂಟು. ಮುಂದುಗಡೆ ಕಬ್ಬಿಣ ಇದೆ. ನಿನ್ನ ಹೆಬ್ಬೆರಳ ಮೇಲೆ ನಂಗೆ ನಂಬಿಕೆ ಇದೆ. ಜಾರಿದ್ರೆ ನೀನು ಬಿಡ್ತೀಯ ಅನ್ನೋ ನಂಬಿಕೆ ಮಾತ್ರ ಇಲ್ಲ. ಈಗ್ಲಾದ್ರೂ ಬಿಡು."

ಎಷ್ಟೋ ತಿಂಗಳಿಂದ ಅವನು ಎದೆಯಲ್ಲಿ ಹೊತ್ತಿದ್ದ ಭಯ ಇಳಿದು, ಅವಳ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು. ಹೆಬ್ಬೆರಳು ಗಾಜಿನ ಅಂಚಿಗೆ ಒತ್ತಿ ಕೂತಿತು. ಇಬ್ಬರೂ ಎತ್ತಿದರು. ಅವಳು ಧಡ್ ಧಡ್ ಎಂದು ಬೂಟು ಎಳೆಯುತ್ತ ಬಾಗಿಲ ಕಡೆ ನಡೆದಳು, ಬಿಸಿಲು ಹಾಳೆಯ ತುಂಬ ಹರಡಿತು. ಕನಸಣ್ಣನ ಕಣ್ಣು ಅಂದು ಅವಳ ಮುಖವನ್ನು ದಾಟಿ ಎಲ್ಲಿಗೂ ಹೋಗಲಿಲ್ಲ.