ಶಾಲೆಯ ಕಂಬಿಗೆ ಕಟ್ಟಿದ ಮುಖಗಳು

ಹೊಸ ಫ್ಲೆಕ್ಸ್ ಬ್ಯಾನರಿಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರುತ್ತೀರಿ. ಸೀಮೆಎಣ್ಣೆಯದೂ ಅಲ್ಲ, ಗೋಡೆಗೆ ಬಳಿಯುವ ಬಣ್ಣದ್ದೂ ಅಲ್ಲ. ಎರಡನ್ನೂ ಬೆರೆಸಿ ಬಿಸಿಲಿನಲ್ಲಿ ಮರೆತುಬಿಟ್ಟ ಹಾಗೆ. ಅಜ್ಜಂಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ದಿನವಿಡೀ ರಾಗಿ ಹಿಟ್ಟು, ಖಾರದ ಪುಡಿಯ ನಡುವೆ ಇರುವ ನನ್ನ ಮೂಗಿಗೆ ಬೇರೆ ವಾಸನೆ ಹತ್ತುವುದೇ ಕಷ್ಟ. ಆದರೂ ಇವತ್ತು ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಅದು ಬಂದೇಬಿಟ್ಟಿತು. ನೋಡಿದರೆ, ಲೈಟ್ ಕಂಬಕ್ಕೆ ಯಾವುದೋ ಸೀರೆ ಅಂಗಡಿಯ ಬ್ಯಾನರು ಕಟ್ಟಿದ್ದಾರೆ. ನಗುತ್ತಿರುವ ಹುಡುಗಿ, ಹಬ್ಬದ ರಿಯಾಯಿತಿ. ಆ ಹುಡುಗಿ ನನಗೇನೂ ಮಾಡಿಲ್ಲ. ಆದರೂ ಮೈಯೆಲ್ಲ ಉರಿಯಿತು. ಸೀರೆ ಅಂಗಡಿಯ ಮೇಲೆ ನಿನಗ್ಯಾಕೆ ಇಷ್ಟು ಸಿಟ್ಟು ಎಂದು ನಮ್ಮ ಯಜಮಾನರು ಗಿರಣಿಗೆ ಬೆಲ್ಟು ಹಾಕುತ್ತಲೇ ಕೇಳಿದರು. ಸಿಟ್ಟು ಸೀರೆಯ ಮೇಲಲ್ಲ ಎನ್ನುವುದು ಅವರಿಗೂ ಗೊತ್ತು. ನಿಮಗೆ ಗೊತ್ತಾಗಬೇಕಾದರೆ ನಾನು ರುದ್ರಮ್ಮ ಮಿಸ್ಸಿನ ವಿಷಯ ಹೇಳಬೇಕು.

ನಮ್ಮ ಗಿರಣಿಯ ಎದುರಿಗೇ ಸರ್ಕಾರಿ ಪ್ರಾಥಮಿಕ ಶಾಲೆ. ರುದ್ರಮ್ಮ ಮಿಸ್ಸು ಅಲ್ಲಿ ಬಹಳ ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಊರು ಯಗಟಿ. ಮನೆಯಲ್ಲಿ ಒಂದಿಷ್ಟು ತೆಂಗು, ಒಂದು ಹಿಂಡು ಕುರಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರನ್ನು ದೇವತೆಯೆಂದು ನಾನು ಹೇಳಿದರೆ ಅವರ ಜೊತೆ ಕೆಲಸ ಮಾಡಿದ ಮೇಷ್ಟ್ರುಗಳು ನಗುತ್ತಾರೆ. ಬಾಯಿ ಜೋರು. ಮೈದಾನದ ಮಕ್ಕಳನ್ನು ಒಳಗೆ ಕರೆಯುವಾಗ ಥೇಟ್ ಕುರಿ ಹಿಂಡನ್ನು ತಿರುಗಿಸುವವರ ಕೂಗು. ಬೆಳಿಗ್ಗೆ ನನ್ನ ಹತ್ತಿರ ರಾಗಿ ಕೊಟ್ಟು ಸಂಜೆ ಹಿಟ್ಟು ಒಯ್ಯುತ್ತಿದ್ದರು. ಒಯ್ಯುವಾಗಲೆಲ್ಲ ಎರಡು ಬೆರಳಲ್ಲಿ ಉಜ್ಜಿ ನೋಡಿ, ನುಣ್ಣಗಾಗಿಲ್ಲ ಎನ್ನದೆ ಹೋದವರಲ್ಲ. ಮಧ್ಯಾಹ್ನ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಜಗುಲಿಯ ಕುರ್ಚಿಯಲ್ಲಿ ಸಣ್ಣದೊಂದು ನಿದ್ದೆ. ಆದರೆ ಒಂದೇ ಒಂದು ಮಗು ಗೇಟಿನ ಹತ್ತಿರ ಸುಳಿಯಲಿ, ಕಣ್ಣು ಬಿಟ್ಟೇ ಬಿಡುತ್ತಿದ್ದರು. ಅದು ಹೇಗೆ ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ಗೇಟು ಇರುವುದು ರಸ್ತೆ ತಿರುಗುವ ಜಾಗದಲ್ಲಿ. ಮೊದಲು ಅಲ್ಲಿ ಎತ್ತರದ ಹಳೇ ಗೋಡೆ ಇತ್ತು. ಅದು ಒಂದು ಮಳೆಗಾಲ ಕುಸಿದು ಬಿದ್ದಾಗ ಹೊಸ ಗೋಡೆ ಕಟ್ಟಿಸಿಕೊಡುತ್ತೇವೆಂದು ಪಂಚಾಯಿತಿಯವರು ಬಂದರು. ಮಿಸ್ಸು ಬೇಡವೆಂದರು. ಗೋಡೆಯಾದರೆ ಮಕ್ಕಳು ರಸ್ತೆಗೆ ಬರುವುದು ಗಾಡಿಯವರಿಗೆ ಕಾಣುವುದಿಲ್ಲ, ಗಾಡಿ ಬರುವುದು ಮಕ್ಕಳಿಗೆ ಕಾಣುವುದಿಲ್ಲ, ಇಬ್ಬರೂ ನನಗೆ ಕಾಣುವುದಿಲ್ಲ. ಸೊಂಟದೆತ್ತರ ಕಟ್ಟೆ ಕಟ್ಟಿ ಮೇಲೆ ಕಬ್ಬಿಣದ ಕಂಬಿ ಹಾಕಿ ಎಂದು ಪಟ್ಟು ಹಿಡಿದರು. ಗೋಡೆಗಿಂತ ಕಂಬಿಯ ಕೆಲಸ ಜಾಸ್ತಿ ಎಂದು ಅವರು ಗೊಣಗಿದರು. ಮಿಸ್ಸು ಬಿಡಲಿಲ್ಲ. ಕೊನೆಗೆ ಕಂಬಿಯೇ ಬಂತು, ಹಸಿರು ಬಣ್ಣದ್ದು. ನನಗೂ ಅದರಿಂದ ಒಂದು ಲಾಭವಾಯಿತು ಎನ್ನಿ. ಗಿರಣಿಯಲ್ಲಿ ಕೂತೇ ಮಕ್ಕಳ ಪ್ರಾರ್ಥನೆ, ಕುಂಟೆಬಿಲ್ಲೆ, ಜಗಳ, ರಾಜಿ ಎಲ್ಲ ನೋಡುತ್ತಿದ್ದೆ. ಗಿರಾಕಿಗಳು ಕೊಟ್ಟ ಗೋಧಿಗೆ ರಾಗಿ ಬೆರೆತುಹೋದದ್ದೂ ಉಂಟು.

ಆಮೇಲೆ ನಮ್ಮೂರು ತಾಲ್ಲೂಕಾಯಿತು. ಒಳ್ಳೆಯದೇ ಆಯಿತು, ಪ್ರತಿಯೊಂದಕ್ಕೂ ತರೀಕೆರೆಗೆ ಬಸ್ಸು ಹತ್ತುವುದು ಸ್ವಲ್ಪ ತಪ್ಪಿತು. ಆದರೆ ಊರು ದೊಡ್ಡದಾಗುವ ಮೊದಲೇ ಊರಿನ ದೊಡ್ಡ ಮನುಷ್ಯರು ದೊಡ್ಡವರಾಗಿಬಿಟ್ಟರು. ತಾಲ್ಲೂಕು ಮಾಡಿಸಿದ್ದಕ್ಕೆ ಅಭಿನಂದನೆ, ಅಭಿನಂದಿಸಿದವರಿಗೆ ಧನ್ಯವಾದ, ಇವರ ಹುಟ್ಟುಹಬ್ಬ, ಅವರ ಮಗನ ಹುಟ್ಟುಹಬ್ಬ. ಎಲ್ಲದಕ್ಕೂ ಒಂದು ಬ್ಯಾನರು, ಎಲ್ಲ ಬ್ಯಾನರಿಗೂ ಅದೇ ಶಾಲೆಯ ಕಂಬಿ. ಬಸ್ಸು ನಿಧಾನ ಮಾಡುವ ತಿರುವಲ್ಲವೇ, ಒಳಗೆ ಕೂತವರಿಗೆಲ್ಲ ಮುಖ ಚೆನ್ನಾಗಿ ಕಾಣುತ್ತದೆ. ನಮ್ಮ ಬೀದಿಯ ಚರಂಡಿ ಮಾಡಿಸಿಕೊಟ್ಟದ್ದಕ್ಕೆ ಕೃತಜ್ಞತೆ ಎಂದು ಒಂದು ಬ್ಯಾನರು ಬಂತು. ಅದರ ಕೆಳಗೇ ಚರಂಡಿ ಕಟ್ಟಿಕೊಂಡು, ನೀರು ಉಕ್ಕಿ, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದವು. ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯೊಂದು ತನ್ನ ದಾಖಲಾತಿಯ ಬ್ಯಾನರನ್ನು ಕನ್ನಡ ಶಾಲೆಯ ಎದೆಗೇ ಕಟ್ಟಿಹೋಯಿತು. ಬೇರೆಯವರ ಮನೆಯ ಹೊಸ್ತಿಲಲ್ಲಿ ನಿಂತು ಅವರ ಮಕ್ಕಳನ್ನೇ ಕರೆಯುವುದಕ್ಕೆ ಎಷ್ಟು ಧೈರ್ಯ ಬೇಕು, ನೀವೇ ಹೇಳಿ. ಮೂಲವ್ಯಾಧಿಯ ಡಾಕ್ಟರೂ ಬಂದರು. ಒಂದನೇ ಕ್ಲಾಸಿನ ಮಕ್ಕಳು ಅಕ್ಷರ ಕೂಡಿಸಿ ಕೂಡಿಸಿ ಅದನ್ನೇ ಓದುತ್ತಿದ್ದವು. ಹಾಗಂದರೇನು ಮಿಸ್ ಎಂದು ಒಂದು ಮಗು ಕೇಳಿತಂತೆ. "ಆ ಪಾಠ ಮುಂದಿನ ಕ್ಲಾಸಿಗೆ ಐತೆ, ಕೂತ್ಕೋ" ಎಂದರಂತೆ ರುದ್ರಮ್ಮ ಮಿಸ್ಸು.

ಬೇರೆಯವರನ್ನು ಆಡಿಕೊಂಡು ನಮ್ಮ ಮನೆಯದನ್ನು ಮುಚ್ಚಿಡಬಾರದು. ಸ್ಥಳೀಯ ಮುಖಂಡರೊಬ್ಬರಿದ್ದರು, ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಆ ಅಣ್ಣನ ಹುಟ್ಟುಹಬ್ಬದ ಬ್ಯಾನರಿನ ಕೆಳಗೆ, ಶುಭ ಕೋರುವವರ ಸಾಲಿನಲ್ಲಿ, ನಮ್ಮ ಯಜಮಾನರ ಮುಖವೂ ಇತ್ತು. ಅಂಚೆ ಚೀಟಿಯಷ್ಟು. ಅಡಿಯಲ್ಲಿ ಬೇರೆ ಯಾರದೋ ಹೆಸರು. ಆದರೂ ಇವರು ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು, ಸುಮ್ಮನೆ ಹೋದಂತೆ ಆ ಕಡೆ ಹೋಗಿ ಹೋಗಿ ಬಂದರು. ಚೆನ್ನಾಗಿ ಬಂದೈತೆ ಎಂದು ನಾನೇ ಹೊಗಳಿದೆ. ಗಂಡನ ಮುಖ ಊರಿಗೆಲ್ಲ ಕಂಡರೆ ಯಾರಿಗೆ ಹಿಗ್ಗಾಗುವುದಿಲ್ಲ?

ಮಿಸ್ಸು ಮಾತ್ರ ಬ್ಯಾನರು ತೆಗೆಸಿ ಎಂದು ಕೇಳುತ್ತಲೇ ಇದ್ದರು. ಪಟ್ಟಣ ಪಂಚಾಯಿತಿಗೆ ಹೋದರೆ, ಶಾಲೆ ನಿಮ್ಮ ಇಲಾಖೆಯದು, ನೀವೇ ನೋಡಿಕೊಳ್ಳಿ ಎಂದರು. ಇಲಾಖೆಯನ್ನು ಕೇಳಿದರೆ, ರಸ್ತೆಗೆ ಮುಖ ಮಾಡಿದ್ದು ಪಂಚಾಯಿತಿಗೆ ಸೇರುತ್ತದೆ ಎಂದರು. ಕಟ್ಟುವುದಕ್ಕೆ ಬಂದ ಹುಡುಗರನ್ನು ಕೇಳಿದರೆ, ಅಣ್ಣ ಹೇಳೌರೆ ಎಂದರು. ಹೀಗೆ ಬ್ಯಾನರಿನ ಮೇಲೆ ಬ್ಯಾನರು ಬಿದ್ದು, ಮಿಸ್ಸು ಬೇಡವೆಂದಿದ್ದ ಗೋಡೆಯೇ ಮತ್ತೆ ಎದ್ದು ನಿಂತಿತು.

ಅವತ್ತು ಶಾಲೆ ಬಿಡುವ ಹೊತ್ತು. ಐದನೇ ಕ್ಲಾಸಿನ ಚೈತ್ರ ಎಂಬ ಹುಡುಗಿ ಗೇಟಿನಿಂದ ರಸ್ತೆಗೆ ಕಾಲಿಟ್ಟಳು. ಅವಳ ತಾಯಿ ಭಾಗ್ಯ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು, ಪಾತ್ರೆ ತೊಳೆಯುತ್ತಿದ್ದಳು. ತಿರುವಿನಿಂದ ತೆಂಗಿನಕಾಯಿ ತುಂಬಿದ ಲಗೇಜ್ ಆಟೋ ಬಂತು. ಜೋರಾಗಿ ಬರಲಿಲ್ಲ, ನಾನೇ ನೋಡುತ್ತಿದ್ದೆ. ಆದರೆ ಅವನಿಗೆ ಕಂಡದ್ದು ಅಣ್ಣನ ಮುಖ, ಅದರ ಹಿಂದಿದ್ದ ಮಗು ಅಲ್ಲ. ಬ್ರೇಕಿನ ಶಬ್ದ ಕೇಳಿತು. ಕಾಯಿಗಳು ರಸ್ತೆ ತುಂಬ ಉರುಳಿದವು. ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಮಗುವಿನ ಕಾಲು ಇರಬಾರದ ಕಡೆಗೆ ತಿರುಗಿತ್ತು. ಮಿಸ್ಸು ತಮ್ಮ ಸೀರೆಯ ಸೆರಗು ಹರಿದು, ಅಡಿಕೋಲು ಇಟ್ಟು ಕಾಲಿಗೆ ಕಟ್ಟಿದರು. ಆಟೋ ಹುಡುಗ ಕಟ್ಟೆಯ ಮೇಲೆ ಕೂತು ಅಳುತ್ತಿದ್ದ. "ಕಾಣ್ಲಿಲ್ಲ ಕಣಕ್ಕ, ದೇವ್ರಾಣೆಗೂ ಕಾಣ್ಲಿಲ್ಲ" ಎಂದು ನನಗೇ ಹೇಳುತ್ತಿದ್ದ. ನಾಲ್ಕು ಏಟು ಹಾಕಲು ಬಂದವರನ್ನು ಮಿಸ್ಸೇ ತಡೆದರು. ಅವನನ್ನು ಯಾಕೆ ಹೊಡೀತೀರಿ, ಆ ಆಟೋದಲ್ಲೇ ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಸರೀರಿ ಎಂದರು.

ಮಾರನೆಯ ದಿನ ಅವರು ಮೊದಲ ಬಸ್ಸಿಗೇ ಬಂದರು. ಊಟದ ಬ್ಯಾಗಿನಿಂದ ಹುಲ್ಲು ಕೊಯ್ಯುವ ಕುಡುಗೋಲು ತೆಗೆದರು. ಯಾರನ್ನೂ ಕರೆಯಲಿಲ್ಲ. ಗೇಟಿನ ಪಕ್ಕದಿಂದ ಶುರುಮಾಡಿ, ಒಂದೊಂದೇ ಹಗ್ಗ ಕೊಯ್ಯುತ್ತಾ ಹೋದರು. ಇಂಗ್ಲಿಷ್ ಮೀಡಿಯಂ ಬಿತ್ತು, ಮೂಲವ್ಯಾಧಿ ಬಿತ್ತು, ಚರಂಡಿಯ ಕೃತಜ್ಞತೆ ಚರಂಡಿಗೇ ಬಿತ್ತು. ಕೊನೆಗೆ ಅಣ್ಣ, ಅಣ್ಣನ ಜೊತೆ ನಮ್ಮ ಯಜಮಾನರು. ಬೀದಿಯವರೆಲ್ಲ ನಿಂತು ನೋಡಿದೆವು. ಇವರು ನನ್ನ ಪಕ್ಕದಲ್ಲೇ ಇದ್ದವರು, ಹೋಗಿ ಬಿದ್ದ ಬ್ಯಾನರುಗಳನ್ನು ಮಡಿಸಿ ಕಟ್ಟೆಯ ಮೇಲೆ ಜೋಡಿಸತೊಡಗಿದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವತ್ತು ಅವರ ಮೇಲೆ ನನಗೆ ಬಂದ ಪ್ರೀತಿ, ಅಂಚೆ ಚೀಟಿಯಷ್ಟಲ್ಲ.

ಮಧ್ಯಾಹ್ನದ ಹೊತ್ತಿಗೆ ಅಣ್ಣನ ಕಡೆಯವರು ಬೈಕುಗಳಲ್ಲಿ ಬಂದರು. ಗೇಟಿನ ಹತ್ತಿರವೇ ಮಾತು ನಡೆಯಿತು, ನಾನು ಗಿರಣಿ ನಿಲ್ಲಿಸಿ ಕೇಳಿದೆ. ಅಣ್ಣನ ಮುಖಕ್ಕೆ ಕುಡುಗೋಲು ಹಾಕಿದ್ರಂತಲ್ಲ ಮೇಡಂ ಎಂದ ಮುಂದಿದ್ದವನು.

"ಮುಖಕ್ಕೆ ಹಾಕಿಲ್ಲ ಕಣಪ್ಪ, ಹಗ್ಗಕ್ಕೆ ಹಾಕಿದೀನಿ" ಎಂದರು ಮಿಸ್ಸು. "ನಿಮ್ಮಣ್ಣನ ಮುಖ ಊರೆಲ್ಲ ನೋಡೈತೆ. ನನ್ನ ಮಕ್ಕಳ ಮುಖ ಗಾಡಿ ಓಡ್ಸೋರಿಗೆ ಕಾಣ್ಬೇಕು."

ಅವನು ಬೈಕು ತಿರುಗಿಸಿದ. ನೋಡ್ಕೋತೀವಿ ಎಂದು ಹೇಳಿ ಹೋದ. ನೋಡಿಕೊಂಡರು ಕೂಡ. ಶಾಲೆಯ ಆವರಣದಲ್ಲಿ ಅಶಾಂತಿ ಉಂಟುಮಾಡಿದರು ಎಂದು ದೂರು ಹೋಗಿ, ಸ್ವಲ್ಪ ದಿನದಲ್ಲೇ ಮಿಸ್ಸಿಗೆ ವರ್ಗವಾಯಿತು. ಅಮೃತಾಪುರದ ಆಚೆಯ ಒಂದು ಹಳ್ಳಿ. ಯಗಟಿಯಿಂದ ಅಲ್ಲಿಗೆ ಬಸ್ಸು ಬದಲಿಸಿ ಬದಲಿಸಿ ಹೋಗಬೇಕು. ನಿವೃತ್ತಿಯ ಹೊಸ್ತಿಲಲ್ಲಿದ್ದ, ಮಂಡಿನೋವಿನ ಹೆಂಗಸು. ನಾನು, ಭಾಗ್ಯ, ಇನ್ನೂ ಕೆಲವು ತಾಯಂದಿರು ತರೀಕೆರೆಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಸಾಹೇಬರು ಬಹಳ ಒಳ್ಳೆಯ ಮಾತಾಡಿದರು. ಕೂರಿಸಿದರು, ನೀರು ಕೊಡಿಸಿದರು, ಇದು ಆಡಳಿತಾತ್ಮಕ ಕಾರಣ ಎಂದರು. ಕಾಲು ಮುರಿದ ಮಗು ಯಾವ ಕಾರಣಕ್ಕೆ ಸೇರುತ್ತದೆ ಸ್ವಾಮಿ ಎಂದು ಭಾಗ್ಯ ಕೇಳಿದಳು. ಅದಕ್ಕೆ ಅವರು ಫ್ಯಾನು ಜೋರು ಮಾಡಿಸಿದರು. ಬೈದಿದ್ದರೆ ನಾವೂ ಬೈದು ಬರಬಹುದಿತ್ತು. ಆ ನಯವಾದ ಮಾತು ನೆನೆದರೆ ಇವತ್ತಿಗೂ ಮೈ ಪರಚಿಕೊಳ್ಳುವಂತಾಗುತ್ತದೆ. ನಾವು ಬಸ್ಸಿಳಿದು ಬರುವಷ್ಟರಲ್ಲಿ ಕಂಬಿಯ ಮೇಲೆ ಅಣ್ಣ ಮತ್ತೆ ನಗುತ್ತಿದ್ದರು, ಮೊದಲಿಗಿಂತ ದೊಡ್ಡದಾಗಿ.

ಒಮ್ಮೆ ಅಮೃತಾಪುರದ ದೇವಸ್ಥಾನಕ್ಕೆ ಹೋದಾಗ ಹಾಗೇ ಮುಂದಕ್ಕೆ ಹೋಗಿ ಅವರನ್ನು ನೋಡಿ ಬಂದೆ. ಬೆರಳೆಣಿಕೆಯ ಮಕ್ಕಳು, ಬೇಲಿಯೂ ಇಲ್ಲದ ಶಾಲೆ. ನಾನು ಊರಿನವರನ್ನು, ಕಚೇರಿಯವರನ್ನು ಬೈಯುತ್ತಾ ಹೋದೆ. ಅವರು ಕೇಳಿಸಿಕೊಂಡು, ಚೈತ್ರ ಕುಂಟ್ತಾಳೇನಮ್ಮ ಎಂದು ಮಾತ್ರ ಕೇಳಿದರು. ಓಡುವಾಗ ಸ್ವಲ್ಪ, ನಡೆಯುವಾಗ ಗೊತ್ತಾಗುವುದಿಲ್ಲ ಎಂದೆ. ಅವರು ಮುಖ ಆ ಕಡೆ ತಿರುಗಿಸಿ ಮಕ್ಕಳನ್ನು ಒಳಗೆ ಕೂಗಿದರು. ಅಲ್ಲಿಂದಲೇ ನಿವೃತ್ತರಾದರು.

ಕಳೆದ ಕಾರ್ತಿಕದಲ್ಲಿ ಅವರು ಯಗಟಿಯಲ್ಲಿ ತೀರಿಕೊಂಡರು. ಮಣ್ಣಿಗೆ ನಾವಿಬ್ಬರೂ ಹೋಗಿದ್ದೆವು. ಭಾಗ್ಯ ಮತ್ತು ಚೈತ್ರ ಬಂದಿದ್ದರು. ಚೈತ್ರ ಈಗ ತರೀಕೆರೆಯಲ್ಲಿ ಕಾಲೇಜು ಓದುತ್ತಾಳೆ. ಮಾರನೆಯ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದು ನೋಡುತ್ತೇನೆ, ಶಾಲೆಯ ಕಂಬಿಯ ಮೇಲೆ, ಗೇಟಿನ ಪಕ್ಕದಲ್ಲೇ, ರುದ್ರಮ್ಮ ಮಿಸ್ಸು. ಭಾವಪೂರ್ಣ ಶ್ರದ್ಧಾಂಜಲಿ. ಆದರ್ಶ ಶಿಕ್ಷಕಿ. ಮೂಲೆಯಲ್ಲಿ ಅವರ ಸಣ್ಣ ಫೋಟೋ. ನಡುವೆ ಕೈಮುಗಿದು ನಿಂತ ಅಣ್ಣ, ಆಳೆತ್ತರ.

ನಾನು ರಸ್ತೆ ದಾಟಿ ಕಂಬಿಯ ಹತ್ತಿರ ಹೋಗಿ ನಿಂತೆ. ಸತ್ತವರ ಬ್ಯಾನರು, ಮುಟ್ಟಬಹುದೋ ಬಾರದೋ ಎಂಬ ಅಳುಕೂ ಇತ್ತು. ಕಾಲೇಜಿಗೆ ಹೊರಟಿದ್ದ ಚೈತ್ರ ಬಸ್ ಸ್ಟಾಪಿನಿಂದ ರಸ್ತೆ ದಾಟಿ ಬಂದು ನನ್ನ ಪಕ್ಕ ನಿಂತಳು. ನೋಡಿದಳು. ಬ್ಯಾಗು ಕಟ್ಟೆಯ ಮೇಲಿಟ್ಟು ಹಗ್ಗದ ಗಂಟಿಗೆ ಕೈಹಾಕಿದಳು. "ಮಿಸ್ ಇದನ್ನ ಇಲ್ಲಿ ಬಿಡ್ತಿರ್ಲಿಲ್ಲ ಕಣಕ್ಕ" ಎಂದಳು. ಇನ್ನೊಂದು ತುದಿಯ ಗಂಟು ನಾನು ಬಿಚ್ಚಿದೆ. ಅವಳ ಬಸ್ಸು ಬಂದು ಹೋಯಿತು, ಅವಳು ತಿರುಗಿಯೂ ನೋಡಲಿಲ್ಲ. ಮಿಸ್ಸಿನ ಫೋಟೋ ಇದ್ದಷ್ಟನ್ನು ಕತ್ತರಿಸಿ ಅವಳೇ ಇಟ್ಟುಕೊಂಡಳು.

ಮಧ್ಯಾಹ್ನ ನಮ್ಮ ಯಜಮಾನರ ಫೋನಿಗೆ ಕರೆ ಬಂತು. ಶ್ರದ್ಧಾಂಜಲಿ ಬ್ಯಾನರು ಕಿತ್ತವರು ಯಾರು ಎಂದು ಅಣ್ಣನ ಕಡೆಯವನೊಬ್ಬ ಕೇಳುತ್ತಿದ್ದ. ಇವರು ತಡವರಿಸಿದರು. ನಾನು ಫೋನು ಕಸಿದುಕೊಂಡೆ.

"ನಾನೇ ಕಣಪ್ಪ, ಗಿರಣಿಯೋಳು. ಮತ್ತೆ ಕಟ್ಟಿದ್ರೆ ಮತ್ತೆ ಬಿಚ್ತೀನಿ. ನಂಗೆ ಎಲ್ಲಿಗೂ ವರ್ಗ ಆಗಲ್ಲ, ಇಲ್ಲೇ ಇರ್ತೀನಿ."

ಆ ಕಡೆಯವನು ಫೋನು ಇಟ್ಟ. ಆಮೇಲೆ ಒಂದೆರಡು ಸಲ ಕಟ್ಟಿದರು. ನಾವೂ ಬಿಚ್ಚಿದೆವು. ಈಗ ಲೈಟ್ ಕಂಬ ಹುಡುಕಿಕೊಂಡಿದ್ದಾರೆ. ಕಂಬಕ್ಕೆ ಕಟ್ಟಿದ್ದಕ್ಕೂ ನನಗೆ ಸಿಟ್ಟಿದೆ, ಅದನ್ನು ನಾಳೆ ನೋಡಿಕೊಳ್ಳುತ್ತೇನೆ. ಇದನ್ನು ಹೇಳುತ್ತಿರುವಾಗ ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಗೇಟಿನ ಕಡೆ ನುಗ್ಗಿ ಬರುತ್ತಿವೆ, ಅತ್ತ ತಿರುವಿನಲ್ಲಿ ತರೀಕೆರೆ ಬಸ್ಸಿನವನು ಆಗಲೇ ಬ್ರೇಕು ಹಾಕಿ ನಿಂತಿದ್ದಾನೆ.