ಮೂರನೆಯ ಪೆಡಲು

ಹೋದ ತಿಂಗಳು ನನ್ನ ಮಗಳು ಕಾರು ಕೊಂಡಳು. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಓಣಿಯಲ್ಲಿ ಈಗ ಕಾರಿಲ್ಲದ ಮನೆಯೇ ಕಡಿಮೆ, ಹಾಗಾಗಿ ಇದನ್ನು ದೊಡ್ಡ ಸುದ್ದಿ ಅಂತ ಹೇಳುತ್ತಿಲ್ಲ. ವಿಷಯ ಇಷ್ಟೇ, ಅದಕ್ಕೆ ಕ್ಲಚ್ ಇಲ್ಲ. ಸಂಜೆ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅಂಗಳದಲ್ಲಿ ನಿಂತಿದ್ದ ಆ ಕಾರಿನೊಳಗೆ ಹೋಗಿ ಸ್ಟೀರಿಂಗ್ ಹಿಡಿದು ಕೂತೆ. ಕೂತದ್ದೇ ತಡ, ನನ್ನ ಎಡಗಾಲು ನನ್ನನ್ನು ಕೇಳದೆಯೇ ಮುಂದೆ ಹೋಗಿ ನೆಲ ತಡಕಾಡಿತು. ಅಲ್ಲಿ ಬರೀ ರಬ್ಬರಿನ ಚಾಪೆ. ಚಾಪೆಯನ್ನೇ ಎರಡು ಸಲ ತುಳಿದು, ನನ್ನಷ್ಟಕ್ಕೆ ನಾನು ನಕ್ಕೆ. ಆಮೇಲೆ ಚನ್ನಪ್ಪ ಕಾಕಾನ ನೆನಪಾಗಿ ನಗು ನಿಂತಿತು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಖಾನಾಪುರದಲ್ಲಿ ನಮ್ಮದೊಂದು ಹಂಚಿನ ಭಟ್ಟಿ ಇತ್ತು. ಆ ಊರಿನ ಕೆಂಪು ಮಣ್ಣು ಗಡಿಗೆಗೆ, ಹಂಚಿಗೆ ಹೇಳಿ ಮಾಡಿಸಿದ್ದು. ಬೆಳಗಾವಿಯ ಹಿಂದವಾಡಿಯಲ್ಲಿ ಆಗ ಏಳುತ್ತಿದ್ದ ಎಷ್ಟೋ ಮನೆಗಳಿಗೆ ನಮ್ಮ ಭಟ್ಟಿಯ ಹಂಚೇ ಹೋಗುತ್ತಿತ್ತು. ಅಪ್ಪ ಭಟ್ಟಿ ನೋಡಿಕೊಳ್ಳುತ್ತಿದ್ದ, ಕಾಕಾ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಅಪ್ಪ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಕಾಕಾ ಹಾಗಲ್ಲ, ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸಿ, ಹಂಚು ಬೇಡ ಅಂದವರ ಮನೆಯಲ್ಲಿ ಚಹಾ ಕುಡಿದು ಬರುವ ಜಾಣ.

ಆರನೆಯ ವಯಸ್ಸಿಗೆ ಬಂದ ಜ್ವರದಲ್ಲಿ ಕಾಕಾನ ಎಡಗಾಲು ಶಕ್ತಿ ಕಳೆದುಕೊಂಡಿತ್ತು. ಕೋಲು ಊರಿ, ಆ ಕಾಲನ್ನು ಎಳೆದುಕೊಂಡು ನಡೆಯುತ್ತಿದ್ದ. ಈ ಎರಡು ವಾಕ್ಯ ಬರೆಯಲಿಕ್ಕೆ ನನಗೆ ಈಗಲೂ ಹಿಂಜರಿಕೆ, ಯಾಕೆಂದರೆ ನಮ್ಮ ಮನೆಯಲ್ಲಿ ಆ ಕಾಲಿನ ಮಾತು ಎತ್ತುವಂತಿರಲಿಲ್ಲ. ಅದು ಆಯಿಯ ಕಟ್ಟಳೆ. ಆಯಿ ಅಂದರೆ ಅಪ್ಪನ ಅವ್ವ. ತನ್ನ ಮಗನಿಗೆ ಹೊರಗಿನವರು ಏನೇ ಅನ್ನಲಿ, ಹೊಸ್ತಿಲ ಒಳಗೆ ಅವನು ಎಲ್ಲರಂತೆ ಇರಬೇಕು ಎಂದು ಅವಳು ತೀರ್ಮಾನಿಸಿದ್ದಳು. ನಮ್ಮ ಅಂಗಳದಲ್ಲಿ ಮಕ್ಕಳು ಕುಂಟಾಬಿಲ್ಲೆ ಆಡುವಂತಿರಲಿಲ್ಲ. ಕುರ್ಚಿಯ ಕಾಲು ಮುರಿದರೆ ಕುರ್ಚಿ ಹಾಳಾಯಿತು ಅನ್ನಬೇಕಿತ್ತು, ಕಾಲು ಮುರಿಯಿತು ಅನ್ನುವಂತಿಲ್ಲ. ಕಾಕಾ ಕೋಲನ್ನು ಎಲ್ಲೋ ಮರೆತು ಬಂದರೆ, ನಮ್ಮಲ್ಲಿ ಯಾರಾದರೂ ಸದ್ದಿಲ್ಲದೆ ಹೋಗಿ ತಂದು ಅವನ ಪಕ್ಕಕ್ಕೆ ಇಟ್ಟು, ಏನೂ ಆಗದವರ ಹಾಗೆ ಹೊರಟುಬಿಡುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆದರೆ ಏನಾಗುತ್ತದೆ ಅಂದರೆ, ಮಾತಾಡದೆ ಬಿಟ್ಟದ್ದು ನಿಜವಾಗಿಯೂ ಮರೆತೇ ಹೋಗುತ್ತದೆ. ನಾನಂತೂ ಮರೆತಿದ್ದೆ.

ಎಪ್ಪತ್ತರ ದಶಕದ ಶುರುವಿನಲ್ಲಿ ಗೋವಾದ ಕಡೆ ಒಂದು ಗಣಿಯವರು ಹಳೆಯ ಗಾಡಿಗಳನ್ನು ಲಿಲಾವಿಗೆ, ಅಂದರೆ ಹರಾಜಿಗೆ, ಇಟ್ಟಿದ್ದಾರೆ ಎಂದು ಕೇಳಿ ಕಾಕಾ ಒಬ್ಬನೇ ಹೋದ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಒಂದು ನೀಲಿ ಪಿಕಪ್ ನಮ್ಮ ಅಂಗಳಕ್ಕೆ ಬಂದು ನಿಂತಿತು, ಒಳಗೆ ಸ್ಟೀರಿಂಗ್ ಹಿಡಿದು ಕೂತವನು ಕಾಕಾನೇ! ಅಲ್ಲಿಯ ಡ್ರೈವರನಿಂದ ನಾಲ್ಕೇ ದಿನದಲ್ಲಿ ಕಲಿತು, ಘಟ್ಟ ಹತ್ತಿಸಿಕೊಂಡು ಬಂದಿದ್ದ. ಲೈಸೆನ್ಸಿನ ವಿಚಾರ ನೀವು ಕೇಳಬೇಡಿ, ಆಗ ಪೊಲೀಸರೂ ಕೇಳಲಿಲ್ಲ. ಅಮೆರಿಕದಲ್ಲಿ ತಯಾರಾದ ಆ ಗಾಡಿ ತನ್ನ ಗೇರು ತಾನೇ ಬದಲಿಸಿಕೊಳ್ಳುತ್ತಿತ್ತು. ಕೆಳಗೆ ಎರಡೇ ಪೆಡಲು, ಒಂದು ಓಡಿಸಲಿಕ್ಕೆ, ಒಂದು ನಿಲ್ಲಿಸಲಿಕ್ಕೆ. ಎರಡಕ್ಕೂ ಬಲಗಾಲೇ ಸಾಕು. ಊರಿನ ಮರಾಠಿ ಮಂದಿ ಅದಕ್ಕೆ ‘ಬಿನಗೇರಚಿ ಗಾಡಿ’, ಗೇರಿಲ್ಲದ ಗಾಡಿ, ಎಂದು ಹೆಸರಿಟ್ಟರು.

“ಇದನ್ನ ಯಾಕ ತಂದ್ಯೋ?” ಎಂದು ಅಪ್ಪ ಕೇಳಿದ್ದಕ್ಕೆ ಕಾಕಾ, “ಅಗ್ಗಕ್ಕ ಸಿಕ್ತಣ್ಣಾ, ತಂದ್ನಿ,” ಎಂದಷ್ಟೇ ಹೇಳಿದ. ನಾವು ನಂಬಿದೆವು.

ಆ ಗಾಡಿ ಬಂದ ಮೇಲೆ ಕಾಕಾ ಬೇರೆಯೇ ಮನುಷ್ಯನಾದ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಬಿಳಿ ಟೋಪಿ ಇಟ್ಟು, ಹಂಚು ಹೇರಿಕೊಂಡು ಹೊರಟನೆಂದರೆ ಬೆಳಗಾವಿಯವರೆಗೆ ಸೀಟಿ ಹೊಡೆಯುತ್ತಲೇ ಹೋಗುತ್ತಿದ್ದ. ದಾರಿಯಲ್ಲಿ ಗುರುತಿನವರು ಸಿಕ್ಕರೆ ಗಾಡಿ ನಿಲ್ಲಿಸಿ, ಕಿಟಕಿಗೆ ಮೊಣಕೈ ಊರಿ ಗಂಟೆಗಟ್ಟಲೆ ಹರಟುತ್ತಿದ್ದ. ಕೆಳಗೆ ಮಾತ್ರ ಇಳಿಯುತ್ತಿರಲಿಲ್ಲ. ಕಿಟಕಿಯಲ್ಲಿ ಕಾಣುವ ಕಾಕಾನಿಗೆ ಯಾವ ಊನವೂ ಇರಲಿಲ್ಲ, ಎಲ್ಲರೂ ಅವನನ್ನು ಕತ್ತೆತ್ತಿ ನೋಡಿ ಮಾತಾಡಿಸಬೇಕಿತ್ತು. ಅದು ಅವನಿಗೆ ಎಷ್ಟು ಹಿತವಾಗಿತ್ತು ಎಂದು ಈಗ ತಿಳಿಯುತ್ತದೆ.

ಏಳೆಂಟು ವರ್ಷ ದುಡಿದ ಮೇಲೆ ಒಂದು ದಿನ ದೇಸೂರಿನ ಹತ್ತಿರ ಗಾಡಿ ನಿಂತಿತು. ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಅಲುಗುವುದಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮನೆಗೆ ಎಳೆದು ತಂದೆವು. ಆ ಗೇರ್‌ಬಾಕ್ಸಿನ ಸಾಮಾನು ಬೆಳಗಾವಿಯಲ್ಲಿ ಇಲ್ಲ, ಮುಂಬೈಯಲ್ಲೂ ಇಲ್ಲ, ಅಮೆರಿಕದಲ್ಲಿ ಇದೆಯೋ ಇಲ್ಲವೋ ಕೇಳುವವರು ಯಾರು?

ಆಗ ಪ್ರವೇಶವಾಯಿತು ನನ್ನದು. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಹೊಸತು, ಅಂದರೆ ಲೋಕದ ಸಕಲ ಯಂತ್ರಗಳೂ ನನ್ನ ಅಪ್ಪಣೆಗೆ ಕಾಯುತ್ತಿವೆ ಎಂದು ನಂಬಿದ್ದ ಕಾಲ. ಕಟ್ಟೆಯ ಮೇಲೆ ಅಪ್ಪ, ಕಾಕಾ, ಆಯಿ ಎಲ್ಲರನ್ನೂ ಕೂರಿಸಿ ಭಾಷಣ ಮಾಡಿದೆ. ಈ ಗೇರ್‌ಬಾಕ್ಸ್ ಕಿತ್ತು ಒಗೆಯೋಣ, ಜೀಪಿನ ಹಳೆಯ ಗೇರ್‌ಬಾಕ್ಸ್ ಕೂರಿಸೋಣ, ಕೈಯಿಂದ ಗೇರು ಹಾಕುವ ಗಾಡಿಯೇ ಖರೇ ಗಾಡಿ ಎಂದೆ. ಇದ್ದಿಲಿನಿಂದ ನೆಲದ ಮೇಲೆ ಚಿತ್ರವನ್ನೂ ಬರೆದೆ. ಅಪ್ಪನಿಗೆ ಚಿತ್ರ ತಿಳಿಯಲಿಲ್ಲ, ಆದರೆ ಮಗ ಬರೆದದ್ದಕ್ಕೆ ತಲೆಯಾಡಿಸಿದ.

ಕಾಕಾ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

“ಹಂಗ ಮಾಡಿದ ಮ್ಯಾಲೆ ಕೆಳಗ ಪೆಡಲ್ ಎಷ್ಟು ಬರ್ತಾವೋ ತಮ್ಮಾ?”

“ಮೂರು, ಕಾಕಾ!” ಎಂದೆ, ಬಹುಮಾನ ಕೊಡುವವನ ಹಾಗೆ.

“ಮೂರ,” ಎಂದ ಕಾಕಾ. ಅಪ್ಪನ ಮುಖ ನೋಡಿದ, ಆಯಿಯ ಮುಖ ನೋಡಿದ. “ಆತು ಬಿಡು. ನೀವು ಹ್ಯಾಂಗ ಅಂತೀರಿ ಹಂಗ.”

ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅಪ್ಪನಿಗೆ ಹೊಳೆದು, ಬಾಯಿಗೆ ಬರದೆ ನುಂಗಿಕೊಂಡನೋ ಏನೋ. ನನಗೆ ಮಾತ್ರ ಆಣೆ ಮಾಡಿ ಹೇಳುತ್ತೇನೆ, ಹೊಳೆಯಲಿಲ್ಲ.

ಬೆಳಗಾವಿಯ ಕೋಟೆಯ ಹತ್ತಿರ ದಸ್ತಗೀರ ಮಿಸ್ತ್ರಿಯವರ ಗ್ಯಾರೇಜು. ಬಿಳಿ ಗಡ್ಡ, ಕಿವಿಯಲ್ಲಿ ಸೀಸದ ಕಡ್ಡಿ, ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಅಚ್ಚ ಬೆಳಗಾವಿ ಕನ್ನಡ. ಎಳೆದು ತಂದ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಅವರು ಮೊದಲು ಕೇಳಿದ್ದು ಎಂಜಿನ್ನಿನ ಬಗ್ಗೆ ಅಲ್ಲ. “ಹೊಡಿಯಾವ್ರು ಯಾರು?” ಎಂದು ಕೇಳಿದರು.

“ನಾನ,” ಎಂದೆ. ಸುಳ್ಳು. ಆದರೆ ಗಾಡಿ ತಯಾರಾದ ಮೇಲೆ ಅದನ್ನು ಓಡಿಸಿಕೊಂಡು ಕ್ಯಾಂಪಿನ ರಸ್ತೆಯಲ್ಲಿ ಗತ್ತಿನಿಂದ ಹೋಗುವ ಕನಸನ್ನು ನಾನು ಆಗಲೇ ಕಂಡಿದ್ದೆ.

“ಹಂಗಾರ ಕುಂದರ್ರಿ ಇಲ್ಲೆ,” ಎಂದು ನನ್ನನ್ನು ಸೀಟಿನ ಮೇಲೆ ಕೂರಿಸಿ, ನನ್ನ ಎರಡೂ ಕಾಲುಗಳ ಅಳತೆ ತೆಗೆದುಕೊಂಡರು. ಅದು ಅವರ ಪದ್ಧತಿ. ದರ್ಜಿ ಮೈ ಅಳೆಯುವ ಹಾಗೆ ಮಿಸ್ತ್ರಿ ಕಾಲು ಅಳೆಯಬೇಕು ಅನ್ನುತ್ತಿದ್ದರು.

ಕೆಲಸ ಒಂದೂವರೆ ತಿಂಗಳು ಹಿಡಿಯಿತು. ಹಳೆಯ ಗೇರ್‌ಬಾಕ್ಸ್ ಇಳಿಸಲಿಕ್ಕೆ ನಾಲ್ಕು ಆಳು ಬೇಕಾದರು. ಜೀಪಿನದು ಗುಜರಿಯಲ್ಲಿ ಸಿಕ್ಕಿತು, ಆದರೆ ಅದರ ಬಾಯಿ ಈ ಎಂಜಿನ್ನಿಗೆ ಕೂಡಲೊಲ್ಲದು. ನಡುವೆ ಇಡಲಿಕ್ಕೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಉದ್ಯಮಬಾಗದ ಲೇತಿನಲ್ಲಿ ಮೂರು ಸಲ ಕೊರೆಸಬೇಕಾಯಿತು. ಹಿಂದಿನ ಗಾಲಿಗೆ ಹೋಗುವ ಉದ್ದ ಶಾಫ್ಟನ್ನು ಕತ್ತರಿಸಿ, ಮತ್ತೆ ಬೆಸೆದರು. ಗೇರಿನ ಕೋಲು ಮೇಲೆ ಬರಲಿಕ್ಕೆ ಗಾಡಿಯ ನೆಲಕ್ಕೆ ತೂತು ಹಾಕಿದರು. ಕೊನೆಗೆ ಬ್ರೇಕಿನ ಎಡಕ್ಕೆ ಕ್ಲಚ್ಚಿನ ಪೆಡಲು ಬಂತು. ನಾನು ದಿನಾ ಅಲ್ಲಿ ನಿಂತು ನಟ್ಟು ಬಿಚ್ಚುವ ಪಾನಾ ಕೊಡುತ್ತ, ಬೇಡದ ಸಲಹೆ ಕೊಡುತ್ತ ಕಾಲ ಕಳೆದೆ. ಮಿಸ್ತ್ರಿಯವರು ನನ್ನನ್ನು ಇಂಜಿನೇರ ಸಾಹೇಬ್ರು ಎಂದು ಕರೆಯುತ್ತಿದ್ದರು, ಅದನ್ನು ಗೌರವ ಎಂದೇ ತಿಳಿದಿದ್ದೆ.

ಗಾಡಿ ಖಾನಾಪುರಕ್ಕೆ ಬಂದ ದಿನ ಪೂಜೆಯಾಯಿತು. ನಾಲ್ಕೂ ಗಾಲಿಗಳ ಕೆಳಗೆ ಲಿಂಬೆಹಣ್ಣು, ಮುಂದೆ ಒಡೆದ ಕಾಯಿ. “ಹತ್ತು ಕಾಕಾ,” ಎಂದೆ. ಕಾಕಾ ಹತ್ತಿ ಕೂತ, ಕೋಲನ್ನು ಪಕ್ಕಕ್ಕಿಟ್ಟ. ಬಗ್ಗಿ ಮೂರೂ ಪೆಡಲುಗಳನ್ನು ನೋಡಿದ. ಎರಡೂ ಕೈಯಿಂದ ತನ್ನ ಎಡಗಾಲನ್ನು ಎತ್ತಿ ಕ್ಲಚ್ಚಿನ ಮೇಲೆ ಇಟ್ಟ. ಕಾಲು ಅಲ್ಲಿಯೇ ಇತ್ತು, ಪೆಡಲು ಕೆಳಗೆ ಹೋಗಲಿಲ್ಲ. ಅವನ ಹಣೆಯ ನರ ಉಬ್ಬಿತು. ನನಗೆ ಆಗ ಹೊಳೆಯಿತು.

ಕಾಕಾ ಕಾಲನ್ನು ಹಾಗೆಯೇ ಎತ್ತಿ ಕೆಳಗಿಟ್ಟುಕೊಂಡು, ಇಳಿದು ಹೇಳಿದ: “ಗೇರ್ ಭಾಳ ಬಿಗಿ ಐತಿ.”

“ಹೌದ, ಬಿಗಿ ಐತಿ,” ಎಂದ ಅಪ್ಪ. “ಹೊಸಾದು, ಬಿಗಿ ಇರೂದ,” ಎಂದಳು ಆಯಿ. ನಾನೂ ಹೌದು ಎಂದೆ. ಅಷ್ಟು ಜನರ ಎದುರಿಗೆ ಬಟ್ಟಂಬಯಲಾದ ಸಂಗತಿಗೂ ನಾವು ಹೀಗೆ ಅರಿವೆ ಹೊದಿಸಿದೆವು.

ಮುಂದಿನ ಒಂದು ತಿಂಗಳು ನೆನಸಿಕೊಂಡರೆ ನಾಚಿಕೆಯಾಗುತ್ತದೆ. ಹಂಚಿನ ಗಾಡಿ ನಾನೇ ಓಡಿಸುತ್ತಿದ್ದೆ, ನನ್ನ ಕನಸು ಕೈಗೂಡಿತ್ತು. ಕಾಕಾ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಸೀಟಿ ಇಲ್ಲ, ಟೋಪಿ ಇಲ್ಲ. ಗುರುತಿನವರು ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ನನಗೆ ತಡೆಯಲಾಗದೆ ಮೂರು ಸಲ ಗಾಡಿಯನ್ನು ಗ್ಯಾರೇಜಿಗೆ ಒಯ್ದು, ಗೇರು ಬಿಗಿ ಇದೆ, ಸಡಿಲ ಮಾಡಿ ಕೊಡಿ ಎಂದೆ. ಮೂರನೆಯ ಸಲ ಮಿಸ್ತ್ರಿಯವರು ಪಾನಾ ಕೆಳಗಿಟ್ಟು, “ಬಿಗಿ ಅನ್ನಾವ್ರು ಯಾರು? ನಾ ಅವರ ಬಾಜುಕ ಕುಂತು ನೋಡ್ತೀನಿ,” ಎಂದು ನನ್ನ ಜೊತೆಗೇ ಖಾನಾಪುರಕ್ಕೆ ಬಂದರು.

ಗಾಡಿಯ ಸದ್ದಿಗೆ ಕಾಕಾ ಒಳಗೆ ಹೋಗಲೆಂದು ಎದ್ದಿದ್ದ. ಮಿಸ್ತ್ರಿಯವರು ಅವನು ನಡೆಯುವುದನ್ನು ನೋಡಿದರು, ಪೆಡಲನ್ನು ನೋಡಿದರು, ಮತ್ತೆ ಅವನ ಕಾಲನ್ನು ನೋಡಿದರು.

“ಸಾವಕಾರ್ರ, ಈ ಕಾಲು ಬರಂಗಿಲ್ಲೇನ್ರಿ?”

ಒಳಗೆ ಆಯಿ ಜೋಳ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು. ಅಪ್ಪ ಮಾಳಿಗೆಯ ಕಡೆ ನೋಡತೊಡಗಿದ.

“ಬರಂಗಿಲ್ಲ ಮಿಸ್ತ್ರಿ,” ಎಂದ ಕಾಕಾ.

“ಹುಟ್ಟಿದಾಗಿಂದಾ?”

“ಇಲ್ಲ. ಆರು ವರ್ಷದಾಂವ ಇದ್ನಿ, ಜ್ವರದಾಗ ಹೋತು.”

“ಒಟ್ಟಾ ಬಲ ಇಲ್ಲೋ, ಸ್ವಲ್ಪ ಐತೋ?”

“ಊರಾಕ ಬರತೈತಿ. ಒತ್ತಾಕ ಬರಂಗಿಲ್ಲ.”

ಮಿಸ್ತ್ರಿಯವರು ನನ್ನ ಕಡೆ ತಿರುಗಿದರು. “ಯಾ ಅಲ್ಲಾ! ಏನ್ರಿ ಇಂಜಿನೇರ ಸಾಹೇಬ್ರ, ಹೊಡಿಯಾವ್ರು ಯಾರಂತ ನಾ ಮೊದಲ ಕೇಳಿದ್ನಿಲ್ಲೋ? ಮೂರ್ ಸಲ ಬಂದ್ರಿ, ಬಿಗಿ ಐತಿ ಬಿಗಿ ಐತಿ ಅನಕೋತ. ಇಷ್ಟು ಮಂದಿ ಅದೀರಿ ಮನ್ಯಾಗ, ಒಬ್ಬರಿಗೂ ಬಾಯಿಲ್ಲೇನು?”

ಆಯಿ ಬಾಗಿಲಿಗೆ ಬಂದಳು. ಈಗ ಮಿಸ್ತ್ರಿಗೆ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ. ಆದರೆ ಅವಳ ಕಣ್ಣು ತುಂಬಿತ್ತು. “ಒಳಗ ಬರ್ರಿ, ಚಾ ಕುಡೀರಿ. ನನ್ನ ಮಗಗ ಹೊಡಿಯಾಕ ಬರೂಹಂಗ ಮಾಡಿಕೊಡ್ರಿ,” ಎಂದಳು.

“ಸ್ಕೂಟರಿಗೆ ಕ್ಲಚ್ ಎಲ್ಲೆ ಇರತೈತಿ, ತಾಯಿ? ಕೈಯಾಗ ಇರತೈತಿ. ಇದಕ್ಕೂ ಕೈಗೇ ತರೂಣು.”

ಮತ್ತೆ ಎರಡು ವಾರ ಹಿಡಿಯಿತು. ಕ್ಲಚ್ಚಿನ ಪೆಡಲಿಗೆ ಒಂದು ಉದ್ದ ಸರಳು ಜೋಡಿಸಿ, ಅದನ್ನು ಗೇರಿನ ಕೋಲಿನ ಪಕ್ಕಕ್ಕೇ ಮೇಲೆ ತಂದರು. ಎರಡನ್ನೂ ಒಂದೇ ಮುಷ್ಟಿಯಲ್ಲಿ ಅದುಮಿ ಹಿಡಿದರೆ ಕ್ಲಚ್ಚು ಒತ್ತುತ್ತದೆ, ಅದೇ ಕೈಯಿಂದ ಗೇರು ಬೀಳುತ್ತದೆ. ಈ ಸಲ ಸೀಟಿನ ಮೇಲೆ ಕೂತು ಅಳತೆ ಕೊಟ್ಟವನು ಕಾಕಾ.

ಮೊದಲ ದಿನ ಹಂಚು ಹೇರಿಕೊಂಡು ಹೊರಟಾಗ ನಾನು ಪಕ್ಕದಲ್ಲಿದ್ದೆ. ಎರಡು ಸಲ ಗಾಡಿ ಜಿಗಿದು ಆಫ್ ಆಯಿತು, ಮಲಪ್ರಭೆಯ ಸೇತುವೆ ದಾಟುವಷ್ಟರಲ್ಲಿ ಕೈ ಕೂತಿತು. ಕಾಕಾ ಸೀಟಿ ಹೊಡೆಯುತ್ತಾನೆ ಎಂದು ಕಾದೆ. ಅವನು ಮಾತಾಡಿದ.

“ಅವ್ವ ಬ್ಯಾಡ ಅಂದ್ಲಂತ ನೀವು ಯಾರೂ ಕೇಳ್ಲಿಲ್ಲ. ನೀವು ಕೇಳ್ಲಿಲ್ಲಂತ ನಾ ಹೇಳ್ಲಿಲ್ಲ. ಕಾಲು ಭಾಳ ನೂಸತೈತಿ ತಮ್ಮಾ. ಥಂಡಿ ದಿನದಾಗ ನಿದ್ದಿನ ಬರಂಗಿಲ್ಲ. ಸಣ್ಣಾಂವ ಇದ್ದಾಗಿಂದನೂ ಹಂಗ.”

ನಲವತ್ತು ದಾಟಿದ ಮನುಷ್ಯ. ಅವನ ಪಕ್ಕದ ಕೋಣೆಯಲ್ಲಿ ನಾನು ಇಪ್ಪತ್ತು ವರ್ಷ ಮಲಗಿದ್ದೆ. ನೋಯುತ್ತದೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಆ ಸಂಜೆ ಆಯಿ ಎಳ್ಳೆಣ್ಣೆ ಕಾಸಿಕೊಂಡು ಬಂದು, ಮಗನ ಕಾಲ ಹತ್ತಿರ ಕೂತು ತಿಕ್ಕಿದಳು, ಅಳುತ್ತ, ಬೈಯುತ್ತ. ಯಾರನ್ನು ಬೈಯುತ್ತಿದ್ದಳೋ ತಿಳಿಯಲಿಲ್ಲ. ಅವಳು ಇರುವವರೆಗೂ ಚಳಿಗಾಲದಲ್ಲಿ ಅದು ತಪ್ಪಲಿಲ್ಲ.

ಕಾಕಾ ಹೋಗಿ ಬಹಳ ವರ್ಷವಾಯಿತು. ಇಷ್ಟೆಲ್ಲ ಮಗಳ ಕಾರಿನಲ್ಲಿ ಕೂತು ನೆನಸಿಕೊಂಡು, ಇಳಿದು ಒಳಗೆ ಬಂದೆ. ಮಗಳು ಸುಜಾತಾ ಚಹಾ ತಂದಳು. ಅರ್ಧ ಕಪ್ಪು. ಆರು ತಿಂಗಳಿಂದ ನನ್ನ ಬಲಗೈ ನಡುಗುತ್ತದೆ. ಮನೆಯಲ್ಲಿ ಎಲ್ಲರೂ ನೋಡಿದ್ದಾರೆ, ಯಾರೂ ಏನೂ ಅನ್ನುವುದಿಲ್ಲ. ಚಹಾ ಮಾತ್ರ ಅರ್ಧ ಕಪ್ಪಿಗೆ ಇಳಿದಿದೆ, ತುಳುಕಬಾರದೆಂದು. ನಾನೂ ಅದನ್ನು ಗಮನಿಸದವನಂತೆ ಕುಡಿದು ಕಪ್ಪು ಇಡುತ್ತಿದ್ದೆ.

“ಸುಜಾತಾ, ಕೈ ನಡಗತೈತವ್ವಾ,” ಎಂದೆ.

ಅವಳು ಟ್ರೇ ಕೆಳಗಿಟ್ಟಳು. ನನ್ನ ಪಕ್ಕಕ್ಕೆ ಬಂದು ಕೂತು, ನಡುಗುವ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು:

“ಹೆದರಿಕಿ ಆಗತೈತೇನಪ್ಪಾ?”

“ಆಗತೈತಿ,” ಎಂದೆ.